ಅಟ್ಟಣೆಯಿಂದ ಕ್ಯಾಮೆರಾವರೆಗೆ: ಕಾವಲು ನಡೆದು ಬಂದ ದಾರಿ

ಲಕ್ಷ್ಮಣತೀರ್ಥ ನದಿ ಹರಿಯುವ ಹುಣಸೂರು ತಾಲ್ಲೂಕಿನ ಹನಗೋಡು ಹೋಬಳಿಯ ಅಂಚಿಗೇ ನಾಗರಹೊಳೆಯ ಕಾಡಿದೆ. ರಾಗಿ ತೆನೆಗಟ್ಟುವ ಕಾಲಕ್ಕೆ ಆನೆ ಬರುತ್ತದೆ, ಹಂದಿ ಬರುತ್ತದೆ. ಕೊಟ್ಟಿಗೆಯ ಕರುವಿನ ಆಸೆಗೆ ಚಿರತೆ ಬರುತ್ತದೆ. ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ನಿನ ಬೆಂಕಿಯನ್ನು ಹಗಲು ರಾತ್ರಿ ಕಾಯಬೇಕು. ಹೀಗಾಗಿ ಇಲ್ಲಿ ‘ಕಾವಲು’ ಎಂಬುದು ಬೇಸಾಯದಷ್ಟೇ ಹಳೆಯ ಕಸುಬು. ಹೊಲದ ನಡುವೆ ಅಟ್ಟಣೆ ಕಟ್ಟಿ, ಪಕ್ಕದಲ್ಲಿ ಬೆಂಕಿ ಹಾಕಿ, ತಮಟೆ ಬಡಿದು, ಕೂಗು ಹಾಕಿ ರಾತ್ರಿ ಕಳೆಯುವುದು ಕಾಡಂಚಿನ ರೈತನಿಗೆ ಹೊಸದಲ್ಲ.

ಈಗ ಆ ಕಾವಲಿನ ಒಂದು ಪಾಲನ್ನು ಗೋಡೆಗೆ ಬಡಿದ ಪುಟ್ಟ ಕ್ಯಾಮೆರಾ ವಹಿಸಿಕೊಳ್ಳುತ್ತಿದೆ. ಪಟ್ಟಣದ ಬಡಾವಣೆಗಳಲ್ಲಿ ಮೊದಲು ಕಂಡ ಈ ಉಪಕರಣ ಇಂದು ತೋಟದ ಮನೆಗಳಿಗೂ ಬಂದಿದೆ. ಕೊಳ್ಳುವವರು ಸಾಮಾನ್ಯವಾಗಿ ಕೇಳುವುದು ಎರಡೇ ಪ್ರಶ್ನೆ: ಬೆಲೆ ಎಷ್ಟು, ಎಷ್ಟು ದೂರ ಕಾಣುತ್ತದೆ? ಆದರೆ ಯಾರು ಯಾರನ್ನು ಕಾಯಬೇಕು, ಕಾದವನು ಯಾರಿಗೆ ಉತ್ತರ ಹೇಳಬೇಕು ಎಂಬುದು ಕ್ಯಾಮೆರಾಕ್ಕಿಂತ ಬಹಳ ಹಿಂದಿನ ಪ್ರಶ್ನೆ.

ಕಲ್ಲಿನಲ್ಲಿ ನಿಂತ ಕಾವಲುಗಾರರು

ಕನ್ನಡ ನಾಡಿನಲ್ಲಿ ಕಾವಲಿನ ಅತ್ಯಂತ ಹಳೆಯ ದಾಖಲೆಗಳೆಂದರೆ ವೀರಗಲ್ಲುಗಳು. ಊರಿನ ದನಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ ಬೆನ್ನಟ್ಟಿ ಹೋರಾಡಿ ಮಡಿದವರ ನೆನಪಿಗೆ ಇವನ್ನು ನಿಲ್ಲಿಸಲಾಗುತ್ತಿತ್ತು. ಶಾಸನಗಳು ಇಂಥ ಹೋರಾಟವನ್ನು ‘ತುರುಗೋಳ್’ ಎಂದು ಕರೆಯುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ: ಇದು ಅನೇಕ ವೀರಗಲ್ಲುಗಳಲ್ಲಿ ಕಾಣುವ ವಿನ್ಯಾಸ.

ನಾಯಿಗೂ ಈ ಗೌರವ ಸಂದದ್ದುಂಟು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಕ್ರಿ.ಶ. 949-50ರ ಸುಮಾರಿನದು. ರಾಷ್ಟ್ರಕೂಟ ದೊರೆ ಮೂರನೆಯ ಕೃಷ್ಣನಿಂದ ಮಣಲೇರ ಎಂಬ ಯೋಧ ಬಳುವಳಿಯಾಗಿ ಕೇಳಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಆ ನಾಯಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮುಂದೆ ಕಾವಲು ಊರಿನ ವ್ಯವಸ್ಥೆಯ ಭಾಗವಾಯಿತು. ಪಟೇಲ, ಶಾನುಭೋಗರ ಜೊತೆಗೆ ತಳವಾರ, ತೋಟಿ, ನೀರಗಂಟಿ ಎಂಬ ವಂಶಪಾರಂಪರ್ಯದ ಹುದ್ದೆಗಳಿದ್ದವು. ತಳವಾರ ಊರಿನ ಕಾವಲುಗಾರ. ಹೊಸಬರು ಬಂದರೆ ವಿಚಾರಿಸುವವನು, ಕಳವಾದರೆ ಜಾಡು ಹಿಡಿಯುವವನು. ಪ್ರತಿಫಲವಾಗಿ ಇನಾಂ ಜಮೀನು ಅಥವಾ ಸುಗ್ಗಿಯಲ್ಲಿ ಧಾನ್ಯದ ಪಾಲು. ಕಾದವನನ್ನು ಊರು ಬಲ್ಲದು, ಊರನ್ನು ಅವನು ಬಲ್ಲ. ಈ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡು, ಬಿಟ್ಟಿ ಚಾಕರಿಯ ಅನ್ಯಾಯ ಎರಡೂ ಇದ್ದವು ಎಂಬುದನ್ನು ಮರೆಯುವಂತಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ ಈ ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು. ಅಲ್ಲಿಂದ ಮುಂದೆ ಮನೆಯ ಕಾವಲು ಬಹುಮಟ್ಟಿಗೆ ಮನೆಯವರದೇ ಆಯಿತು.

ಕಾಡಿನೊಳಗಿನ ಕ್ಯಾಮೆರಾ

ಹೊರಾಂಗಣದಲ್ಲಿ ತಾನೇ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ ಹನಗೋಡಿನ ಸೀಮೆಗೆ ಮೊದಲು ಬಂದದ್ದು ಕಳ್ಳರನ್ನು ಹಿಡಿಯಲೆಂದಲ್ಲ, ಹುಲಿಗಳನ್ನು ಎಣಿಸಲೆಂದು. ಅಮೆರಿಕದ ಜಾರ್ಜ್ ಶಿರಾಸ್ 19ನೇ ಶತಮಾನದ ಕೊನೆಯಲ್ಲಿ ದಾರ ಕಟ್ಟಿ, ಪ್ರಾಣಿ ಅದನ್ನು ಎಡವಿದಾಗ ಚಿತ್ರ ಮೂಡುವಂತೆ ಮಾಡಿದ್ದರು. ಭಾರತದಲ್ಲಿ ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ 1920ರ ದಶಕದಲ್ಲಿ ಇದೇ ಉಪಾಯದಿಂದ ಹುಲಿಗಳ ಚಿತ್ರ ತೆಗೆದರು.

ಈ ಕ್ಯಾಮೆರಾವನ್ನು ಲೆಕ್ಕದ ಸಾಧನವಾಗಿಸಿದ ಕೀರ್ತಿ ನಾಗರಹೊಳೆಗೆ ಸಲ್ಲಬೇಕು. 1955ರಲ್ಲಿ ಅಭಯಾರಣ್ಯವಾದ ಈ ಕಾಡಿನಲ್ಲಿ 1990ರ ದಶಕದ ಆರಂಭದಲ್ಲಿ ಡಾ. ಉಲ್ಲಾಸ ಕಾರಂತರು ಕ್ಯಾಮೆರಾಗಳನ್ನು ಕಟ್ಟಿದರು. ಅಲ್ಲಿಯವರೆಗೆ ದೇಶದಲ್ಲಿ ಹುಲಿಗಣತಿ ನಡೆಯುತ್ತಿದ್ದುದು ಹೆಜ್ಜೆಗುರುತು ನೋಡಿ. ಒಂದು ಹುಲಿಯ ಪಟ್ಟೆಯಂತೆ ಇನ್ನೊಂದರದು ಇರುವುದಿಲ್ಲ. ದೇಹದ ಎರಡು ಮಗ್ಗುಲ ಪಟ್ಟೆಗಳೂ ಬೇರೆ ಬೇರೆ. ಆದ್ದರಿಂದ ಹಾದಿಯ ಎರಡು ಬದಿಗೂ ಕ್ಯಾಮೆರಾ ಇಟ್ಟು, ಸಿಕ್ಕ ಹುಲಿ ಮತ್ತೆ ಎಷ್ಟು ಸಲ ಸಿಗುತ್ತದೆ ಎಂಬುದರಿಂದ ಸಿಗದೆ ಉಳಿದವುಗಳನ್ನು ಅಂದಾಜು ಮಾಡುವ ವಿಧಾನವನ್ನು ಅವರು 1995ರಲ್ಲಿ ಪ್ರಕಟಿಸಿದರು.

ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಉಳಿದಿಲ್ಲವೆಂಬ ಸತ್ಯ 2005ರಲ್ಲಿ ಬಯಲಾದ ಮೇಲೆ, ರಾಷ್ಟ್ರೀಯ ಗಣತಿಯೂ ಕ್ಯಾಮೆರಾದ ದಾರಿ ಹಿಡಿಯಿತು. 2018ರ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು 3.48 ಕೋಟಿಗೂ ಹೆಚ್ಚು ಚಿತ್ರ ತೆಗೆಯಲಾಯಿತು. ಅವುಗಳಲ್ಲಿ ಹುಲಿಯ ಚಿತ್ರಗಳು 76,651 ಮಾತ್ರ. ಮನೆಗೆ ಕ್ಯಾಮೆರಾ ಕೊಳ್ಳುವವರಿಗೂ ಇಲ್ಲೊಂದು ಪಾಠವಿದೆ. ಚಿತ್ರ ಸಿಗುವುದು ಸುಲಭ. ಬೇಕಾದ ಚಿತ್ರ ಸಿಗುವುದು ಕಷ್ಟ. ಹುಲಿ ನಡೆಯಲೇಬೇಕಾದ ಹಾದಿಯನ್ನು ಗುರುತಿಸಿ ಅಲ್ಲಿ ಕ್ಯಾಮೆರಾ ಇಟ್ಟದ್ದರಿಂದಲೇ ಆ ಗಣತಿ ಸಾಧ್ಯವಾಯಿತು.

ಬಾಗಿಲಿಗೆ ಬಂದ ಕಣ್ಣು

ಮನೆ ಬಾಗಿಲಿನ ಕ್ಯಾಮೆರಾದ ಕಥೆ ಶುರುವಾಗುವುದು ನ್ಯೂಯಾರ್ಕ್ ನಗರದಲ್ಲಿ. ಕ್ವೀನ್ಸ್ ಪ್ರದೇಶದ ನರ್ಸ್ ಮೇರಿ ವ್ಯಾನ್ ಬ್ರಿಟನ್ ಬ್ರೌನ್ ಕೆಲಸದ ಹೊತ್ತುಗೊತ್ತಿಲ್ಲದ ಕಾರಣ ಆಗಾಗ ಮನೆಯಲ್ಲಿ ಒಂಟಿಯಾಗಿರಬೇಕಾಗುತ್ತಿತ್ತು. ಕರೆದರೆ ಪೊಲೀಸರು ಬರುವುದು ತಡ. ಅವರು ಪತಿ ಆಲ್ಬರ್ಟ್ ಜೊತೆ ಸೇರಿ, ಬಾಗಿಲಿನ ಕಿಂಡಿಗಳ ಹಿಂದೆ ಮೇಲೆ ಕೆಳಗೆ ಚಲಿಸುವ ಕ್ಯಾಮೆರಾ, ಒಳಗೊಂದು ಟಿ.ವಿ. ಪರದೆ, ಮಾತಾಡಲು ಮೈಕು, ದೂರದಿಂದಲೇ ಬಾಗಿಲು ತೆರೆಯುವ ಗುಂಡಿ ಇವೆಲ್ಲ ಇರುವ ವ್ಯವಸ್ಥೆಯನ್ನು ರೂಪಿಸಿದರು. 1966ರ ಅರ್ಜಿಗೆ 1969ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. ಇಂದಿನ ಉಪಕರಣಗಳ ಮೂಲ ಕಲ್ಪನೆ ಅದರಲ್ಲಿದೆ.

ಅಂತರಜಾಲ ಸೇರಿಕೊಂಡ ಮೇಲೆ ಹೊಸ ಅಪಾಯವೂ ಬಂತು. 2016ರಲ್ಲಿ ‘ಮಿರೈ’ ಎಂಬ ಕುತಂತ್ರಾಂಶ, ಕಾರ್ಖಾನೆಯಲ್ಲಿಟ್ಟ ಗುಪ್ತಪದವನ್ನು ಬದಲಿಸದೇ ಬಿಟ್ಟ ಕ್ಯಾಮೆರಾಗಳಿಗೂ ಇತರ ಸಾಧನಗಳಿಗೂ ನುಗ್ಗಿತು. ಅವನ್ನೇ ದಾಳಿಯ ಸೈನ್ಯವಾಗಿಸಿ, ಆ ವರ್ಷದ ಅಕ್ಟೋಬರ್‌ನಲ್ಲಿ ಪ್ರಮುಖ ಅಂತರಜಾಲ ತಾಣಗಳು ಗಂಟೆಗಟ್ಟಲೆ ಸ್ಥಗಿತವಾಗುವಂತೆ ಮಾಡಿತು. ಭಾರತ ಸರ್ಕಾರ 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಸಿ.ಸಿ. ಟಿ.ವಿ. ಕ್ಯಾಮೆರಾಗಳು ಭದ್ರತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. 2025ರ ಏಪ್ರಿಲ್ 9ರಿಂದ ಇದು ಜಾರಿಯಲ್ಲಿದೆ. ಕೊಳ್ಳುವಾಗ ಈ ಪ್ರಮಾಣೀಕರಣ ಕೇಳುವುದು, ಮನೆಗೆ ತಂದ ದಿನವೇ ಗುಪ್ತಪದ ಬದಲಿಸುವುದು ಮೊದಲ ಎರಡು ಎಚ್ಚರಿಕೆಗಳು.

ಆಯ್ಕೆಯ ಲೆಕ್ಕಾಚಾರ

ಕ್ಯಾಮೆರಾ ಅಂಗಳ ಪೂರ್ತಿ ತೋರಿಸುವುದು ಬೇರೆ, ಬಂದವನ ಮುಖ ಗುರುತಿಸುವುದು ಬೇರೆ. ಅಪರಿಚಿತನ ಗುರುತು ಹಿಡಿಯಲು ಚಿತ್ರದಲ್ಲಿ ಪ್ರತಿ ಮೀಟರ್ ಅಗಲಕ್ಕೆ 250 ಚುಕ್ಕಿಗಳಿರಬೇಕು ಎಂಬುದು ಅಂತರರಾಷ್ಟ್ರೀಯ ಮಾನದಂಡ. ಎರಡು ಮೆಗಾಪಿಕ್ಸೆಲ್ ಚಿತ್ರದ ಅಗಲ 1920 ಚುಕ್ಕಿ. ಎಂದರೆ ಸುಮಾರು ಏಳೂವರೆ ಮೀಟರ್ ಅಗಲದ ಜಾಗಕ್ಕಷ್ಟೇ ಈ ಸ್ಪಷ್ಟತೆ ಸಿಕ್ಕೀತು. 2.8 ಮಿಲಿಮೀಟರ್‌ನ ಅಗಲ ನೋಟದ ಮಸೂರವಾದರೆ ಮುಖ ತಿಳಿಯುವುದು ಸುಮಾರು ಮೂರು ಮೀಟರ್ ಒಳಗೆ. 6 ಮಿಲಿಮೀಟರ್‌ನದಾದರೆ ಸುಮಾರು ಎಂಟು ಮೀಟರ್‌ವರೆಗೆ. ಆದ್ದರಿಂದ ಒಂದೇ ಕ್ಯಾಮೆರಾದಿಂದ ಎರಡೂ ಕೆಲಸ ಮಾಡಿಸುವ ಬದಲು, ಅಂಗಳಕ್ಕೆ ಅಗಲ ನೋಟದ್ದನ್ನೂ ಗೇಟಿಗೆ ಕಿರಿದು ನೋಟದ್ದನ್ನೂ ಇಡುವುದು ಜಾಣತನ. ಸೂರಿನ ತುದಿಗೆ ಕಟ್ಟಿದರೆ ತಲೆಯ ಮೇಲಿನ ಟೋಪಿ ಕಾಣುತ್ತದೆ, ಮುಖವಲ್ಲ. ಎರಡೂವರೆ, ಮೂರು ಮೀಟರ್ ಎತ್ತರ ಸಾಕು.

ಮಳೆಗೆ ತಡೆಯುವ ಶಕ್ತಿಯನ್ನು ‘ಐಪಿ 66’ ಮುಂತಾದ ಸಂಖ್ಯೆ ಹೇಳುತ್ತದೆ. ಮೊದಲ ಅಂಕಿ ದೂಳಿಗೆ, ಎರಡನೆಯದು ನೀರಿಗೆ. 66 ಇದ್ದರೆ ರಭಸದ ನೀರನ್ನೂ ತಡೆದೀತು. ರಾತ್ರಿ ನೋಟಕ್ಕಾಗಿ ಕ್ಯಾಮೆರಾ ಸೂಸುವ ಅವಗೆಂಪು ಬೆಳಕಿಗೆ ಹುಳುಗಳು ಮುತ್ತುತ್ತವೆ, ಅವುಗಳ ಬೆನ್ನಿಗೆ ಜೇಡ ಬಲೆ ಕಟ್ಟುತ್ತದೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒರೆಸದಿದ್ದರೆ ಪರದೆಯ ಮೇಲೆ ಕಾಣುವುದು ಬರೀ ಬಿಳಿ ಮಬ್ಬು.

ಎಷ್ಟು ದಿನದ ದಾಖಲೆ ಉಳಿಯುತ್ತದೆ ಎಂಬುದೂ ಸರಳ ಲೆಕ್ಕ. ಸೆಕೆಂಡಿಗೆ ಎರಡು ಮೆಗಾಬಿಟ್ ದರದಲ್ಲಿ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 21.6 ಗಿಗಾಬೈಟ್ ತುಂಬಿಸುತ್ತದೆ. ನಾಲ್ಕು ಕ್ಯಾಮೆರಾಗಳಾದರೆ ಒಂದು ಟೆರಾಬೈಟ್‌ನ ಡಿಸ್ಕ್ ಹನ್ನೊಂದೂವರೆ ದಿನಕ್ಕೆ ಭರ್ತಿ. ಬಳಿಕ ಹಳೆಯದು ಅಳಿಸಿ ಹೊಸದು ಬರೆದುಕೊಳ್ಳುತ್ತದೆ. ಹದಿನೈದು ದಿನ ಊರಿಗೆ ಹೋಗಿ ಬಂದವನಿಗೆ ಮೊದಲ ದಿನದ ಕಳವು ಕಾಣದು.

ಕರೆಂಟು ಹೋಗಿ ಬರುವ ಹಳ್ಳಿಯಲ್ಲಿ ಯುಪಿಎಸ್ ಇಲ್ಲದ ಕ್ಯಾಮೆರಾ ಅಲಂಕಾರದ ವಸ್ತು. ತಂತಿ ಎಳೆಯಲಾಗದ ಹೊಲದ ಮನೆಗೆ ಸೌರಫಲಕ, ಬ್ಯಾಟರಿ, ಸಿಮ್ ಇರುವ ಮಾದರಿಗಳಿವೆ. ಇವು ಕಾಡಿನ ಕ್ಯಾಮೆರಾದಂತೆಯೇ ನಿದ್ದೆಯಲ್ಲಿದ್ದು, ಬೆಚ್ಚನೆಯ ದೇಹ ಹಾದಾಗ ಎಚ್ಚರಗೊಳ್ಳುತ್ತವೆ. ಸುತ್ತಲಿನ ಬಿಸಿಗೂ ದೇಹದ ಬಿಸಿಗೂ ಇರುವ ವ್ಯತ್ಯಾಸ ಇವಕ್ಕೆ ಆಧಾರ. ಹೀಗಾಗಿ ಸುಡು ಮಧ್ಯಾಹ್ನದಲ್ಲಿ ಇವು ತಪ್ಪುವುದುಂಟು. ನೇರ ಎದುರಿಗೆ ಬರುವವನಿಗಿಂತ ಅಡ್ಡ ಹಾಯುವವನನ್ನು ಬೇಗ ಗುರುತಿಸುತ್ತವೆ. ದಾರಿಗೆ ಓರೆಯಾಗಿ ಇವನ್ನು ಕಟ್ಟಬೇಕಾದದ್ದು ಈ ಕಾರಣಕ್ಕೆ. ಬರಿಯ ಚಿತ್ರದ ಬದಲಾವಣೆ ನೋಡಿ ಎಚ್ಚರಿಸುವ ಅಗ್ಗದ ಮಾದರಿಗಳಾದರೆ ಬಾಳೆ ಎಲೆ ಅಲ್ಲಾಡಿದರೂ ಕೂಗುತ್ತವೆ. ನಾಲ್ಕು ರಾತ್ರಿ ಸುಳ್ಳು ಕೂಗು ಕೇಳಿದವರು ಐದನೆಯ ರಾತ್ರಿ ಏಳುವುದಿಲ್ಲ.

ಪಕ್ಕದ ಮನೆಯ ಅಂಗಳ

ಕ್ಯಾಮೆರಾ ತನ್ನ ಬೇಲಿಯ ಆಚೆಗೂ ನೋಡಬಲ್ಲದು. ಪಕ್ಕದ ಮನೆಯ ಬಚ್ಚಲ ಬಾಗಿಲು, ನಲ್ಲಿಯ ಬಳಿ ಬರುವ ಹೆಣ್ಣುಮಕ್ಕಳು, ಕೂಲಿಗೆ ಹೋಗುವ ಹಾಡಿಯ ಜನ ಎಲ್ಲರೂ ದಾಖಲಾಗುತ್ತಾರೆ, ಯಾರ ಒಪ್ಪಿಗೆಯೂ ಇಲ್ಲದೆ. ಕಾಡಿನ ಕ್ಯಾಮೆರಾದಿಂದಲೇ ಇದರ ಅಪಾಯ ಗೊತ್ತಾಗಿದೆ. ಉತ್ತರಾಖಂಡದ ಕಾರ್ಬೆಟ್ ಸುತ್ತಿನ ಹಳ್ಳಿಗಳನ್ನು ಕುರಿತು 2024ರಲ್ಲಿ ಪ್ರಕಟವಾದ ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರ ಅಧ್ಯಯನದಂತೆ, ಪ್ರಾಣಿಗಳಿಗೆಂದು ಇಟ್ಟ ಕ್ಯಾಮೆರಾದಲ್ಲಿ ಸಿಕ್ಕ ಮಹಿಳೆಯೊಬ್ಬರ ಚಿತ್ರ ಮೊಬೈಲುಗಳಲ್ಲಿ ಹರಿದಾಡಿತು. ಪ್ರಾಣಿಗಳು ದೂರವಿರಲೆಂದು ಹಾಡುತ್ತ ಸೌದೆಗೆ ಹೋಗುತ್ತಿದ್ದ ಹೆಂಗಸರು ಕ್ಯಾಮೆರಾ ಕಂಡಲ್ಲಿ ದನಿ ಅಡಗಿಸಿದರು. ಸುರಕ್ಷತೆಗೆಂದು ಹಾಡುತ್ತಿದ್ದ ಹಾಡು ಹೀಗೆ ನಿಂತುಹೋಯಿತು.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪಿತ್ತ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಎಂಬುದು ಗಮನಾರ್ಹ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆ ಸ್ವಂತ ಹಾಗೂ ಗೃಹ ಬಳಕೆಯನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ಎಂದರೆ ಮನೆಯ ಕ್ಯಾಮೆರಾದ ಮಟ್ಟಿಗೆ ಲಗಾಮು ಬಹುಪಾಲು ಮನೆಯವರ ವಿವೇಕದಲ್ಲೇ ಇದೆ. ಅನೇಕ ಮಾದರಿಗಳಲ್ಲಿ ಚಿತ್ರದ ಒಂದು ಭಾಗವನ್ನು ಕಪ್ಪಾಗಿಸುವ ಸೌಲಭ್ಯವಿದೆ. ನೆರೆಯವರ ಅಂಗಳವನ್ನು ಮರೆಮಾಡಲು ಅದು ಸಾಕು.

ದೃಶ್ಯವನ್ನು ನ್ಯಾಯಾಲಯ ಒಪ್ಪಬೇಕಾದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರ ಲಗತ್ತಿಸಬೇಕು. ಉಪಕರಣದ ಗಡಿಯಾರ ಸರಿಯಿರಬೇಕು. ಘಟನೆ ನಡೆದೊಡನೆ ಮೂಲ ಡಿಸ್ಕ್ ಅನ್ನು ಹಾಗೆಯೇ ಕಾದಿಡಬೇಕು.

ಇಷ್ಟೆಲ್ಲ ಆದ ಮೇಲೂ ಕ್ಯಾಮೆರಾ ಮಾಡದ ಕೆಲಸವೊಂದುಂಟು. ಅದು ಎದ್ದು ಬರುವುದಿಲ್ಲ. ತಳವಾರ ಬರುತ್ತಿದ್ದ, ನಾಯಿ ಬರುತ್ತಿತ್ತು, ಪಕ್ಕದ ಅಟ್ಟಣೆಯವನು ಕೂಗಿಗೆ ಓಗೊಡುತ್ತಿದ್ದ. ಆನೆ ಬಂದಿದೆ ಎಂದು ಮೊಬೈಲು ತಿಳಿಸಿದಾಗ ಮೊದಲು ಎಚ್ಚರಿಸಬೇಕಾದವರು ಅಕ್ಕಪಕ್ಕದವರೇ, ಮೊದಲು ಓಡಿಬರುವವರೂ ಅವರೇ. ಹನಗೋಡಿನಂಥ ಊರಿನಲ್ಲಿ ಕ್ಯಾಮೆರಾ ಕೊಳ್ಳುವ ಮುನ್ನ ನೆರೆಮನೆಯವರೊಡನೆ ಎರಡು ಮಾತಾಡಿ, ಅದು ಯಾವ ದಿಕ್ಕಿಗೆ ನೋಡುತ್ತದೆಂದು ತೋರಿಸುವುದು ಸೌಜನ್ಯವೂ ಹೌದು, ಕಾವಲಿನ ಮೊದಲ ಹೆಜ್ಜೆಯೂ ಹೌದು.