ಪರವೂರಿನವರಿಗೆ ಕಲಬುರಗಿಯ ದಾರಿ

ಕಲಬುರಗಿಯ ರೈಲು ನಿಲ್ದಾಣದಿಂದ ಹೊರಬಿದ್ದ ಹೊಸಬರು ಆಟೊ ಚಾಲಕನಿಗೆ ವಿಳಾಸದ ಚೀಟಿ ತೋರಿಸಿದರೆ, ಮನೆಯ ಸಂಖ್ಯೆ, ಅಡ್ಡರಸ್ತೆಗಳನ್ನು ಓದುವ ಗೋಜಿಗೆ ಅವನು ಹೋಗುವುದಿಲ್ಲ. "ಎಂಎಸ್‌ಕೆ ಮಿಲ್ ಈ ಕಡಿ ಏನ್ರೀ, ಆ ಕಡಿ?" ಎಂದು ಕೇಳುತ್ತಾನೆ. ಮಿಲ್ಲು ಬಾಗಿಲು ಹಾಕಿ ಎಷ್ಟೋ ವರ್ಷಗಳಾದವು. ಎಂಎಸ್‌ಕೆ ಎಂದರೆ ಮೆಹಬೂಬ್ ಶಾಹಿ ಕುಲ್ಬರ್ಗಾ. ಆರನೆಯ ನಿಜಾಮ ಮೀರ್ ಮೆಹಬೂಬ್ ಅಲಿ ಖಾನರ ಹೆಸರು ಹೊತ್ತ ಬಟ್ಟೆ ಗಿರಣಿ. ಈಗ ಅದು ಬರಿಯ ಗುರುತು. ಶಹಾಬಜಾರ್ ನಾಕಾದ ಕಥೆಯೂ ಇಂಥದೇ. ನಾಕಾ ಎಂದರೆ ಊರೊಳಗೆ ಬರುವ ಸರಕಿಗೆ ಸುಂಕ ಎತ್ತುತ್ತಿದ್ದ ಕಟ್ಟೆ. ಸುಂಕ ಹೋಗಿ ದಶಕಗಳೇ ಕಳೆದರೂ ನಾಕಾ ಉಳಿದಿದೆ. ಇಲ್ಲದಿರುವುದನ್ನು ಬಲ್ಲವರಿಗೆ ಮಾತ್ರ ಈ ಊರಿನಲ್ಲಿ ದಾರಿ ಸುಲಭ.

ವಿಚಿತ್ರವೆಂದರೆ, ಈ ಊರನ್ನು ಕಟ್ಟಿದವರಲ್ಲಿ ದಾರಿ ಗೊತ್ತಿಲ್ಲದೆ ಬಂದ ಪರವೂರಿನವರೇ ಬಹಳ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾದಾಗ ಇರಾನಿನಿಂದ, ಮಧ್ಯ ಏಷ್ಯಾದಿಂದ, ಅರಬ್ ನಾಡುಗಳಿಂದ ಜನ ಕೆಲಸ ಹುಡುಕಿ ಬರತೊಡಗಿದರು. ಸೈನಿಕರು, ಕವಿಗಳು, ಹಕೀಮರು, ಕುದುರೆ ವ್ಯಾಪಾರಿಗಳು, ಲೆಕ್ಕ ಬರೆಯುವವರು. ಇವರಿಗೆ ಅಂದಿನ ಹೆಸರು 'ಆಫಾಕಿ'ಗಳು, ಅಂದರೆ ದಿಗಂತದಾಚೆಯವರು. ಕೋಟೆಯೊಳಗಿನ ಜಾಮಿ ಮಸೀದಿ 1367ರದು. ಅದರ ಶಾಸನದಲ್ಲಿ ರಫಿ ಎಂಬಾತನ ಹೆಸರಿದೆ. ಆತನ ಮೂಲ ಇರಾನಿನ ಕಜ್ವೀನ್.

ಈ ಮಸೀದಿಗೆ ತೆರೆದ ಅಂಗಳವಿಲ್ಲ; ಪೂರ್ತಿ ಛಾವಣಿ ಹೊದ್ದಿದೆ. ಹಾಗಾಗಿ ಸ್ಪೇನಿನ ಕೊರ್ಡೊವಾ ನಗರದ ಮಹಾ ಮಸೀದಿಯ ಮಾದರಿ ಇದು ಎಂಬ ಮಾತು ಪ್ರವಾಸಿ ಕೈಪಿಡಿಗಳಲ್ಲಿ ಇಂದಿಗೂ ತಪ್ಪದೆ ಕಾಣಿಸುತ್ತದೆ. ಕೇಳಲು ಸೊಗಸಾಗಿದೆ, ಒಪ್ಪುವುದು ಕಷ್ಟ. ಕೊರ್ಡೊವಾದಲ್ಲಿ ನೂರಾರು ಕಂಬಗಳ ಮೇಲೆ ಒಂದರ ಮೇಲೊಂದು ಎರಡು ಸಾಲು ಕಮಾನುಗಳಿವೆ. ಕಲಬುರಗಿಯಲ್ಲಿ ಗಿಡ್ಡ ಕಂಬಗಳ ಅಗಲ ಕಮಾನುಗಳೂ ಸಾಲು ಗುಮ್ಮಟಗಳೂ ಇವೆ. ಕಜ್ವೀನಿನ ನಂಟಿಗೆ ಶಾಸನದ ಸಾಕ್ಷಿಯಾದರೂ ಇದೆ, ಸ್ಪೇನಿನ ನಂಟಿಗೆ ಅದೂ ಇಲ್ಲ.

ದೂರದಿಂದ ಬರುವವರಿಗೆ ದಾರಿ ಮಾಡಿಕೊಡುವುದು ದೊರೆಯ ಕೆಲಸವೆಂದು ಫಿರೋಜ್ ಷಾ ಬಹಮನಿ (1397-1422) ತಿಳಿದಿದ್ದ. ಗೋವಾ ಮತ್ತು ಚೌಲ್ ಬಂದರುಗಳಿಂದ ಆತ ಪ್ರತಿವರ್ಷ ಹಡಗು ಕಳಿಸಿ, ಸರಕಿನ ಜತೆಗೆ ಪ್ರತಿಭಾವಂತರನ್ನೂ ಕರೆತರಲು ಹೇಳುತ್ತಿದ್ದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಬಂದರಿನಲ್ಲಿ ಇಳಿದವರು ಘಟ್ಟ ಹತ್ತಿ ಹಲವು ದಿನ ನಡೆದು ಇಲ್ಲಿಗೆ ತಲುಪಬೇಕಿತ್ತು. ಆ ಪ್ರಯಾಣ ಹೇಗಿತ್ತೆಂಬುದಕ್ಕೆ ಸ್ವಲ್ಪ ಅನಂತರದ ಸಾಕ್ಷಿ ರಷ್ಯದ ವ್ಯಾಪಾರಿ ಅಫನಾಸಿ ನಿಕಿತಿನ್. 1470ರ ಆಸುಪಾಸಿನಲ್ಲಿ, ಮಾರಬೇಕೆಂದು ತಂದ ಒಂದು ಕುದುರೆಯೊಂದಿಗೆ ಚೌಲ್‌ನಲ್ಲಿ ಇಳಿದ ಆತ ಜುನ್ನರ್ ಮೂಲಕ ಬೀದರಿಗೆ ಬಂದ. ಜುನ್ನರಿನಲ್ಲಿ ಅಲ್ಲಿನ ಅಧಿಕಾರಿ ಕುದುರೆಯನ್ನೇ ಕಸಿದುಕೊಂಡಿದ್ದ. ಪುಣ್ಯಕ್ಕೆ ಮರಳಿ ಸಿಕ್ಕಿತು. ಊರಿಂದೂರಿಗೆ ಎಷ್ಟು ದಿನದ ಹಾದಿ, ಪರದೇಶದ ವ್ಯಾಪಾರಿಗಳು ಉಳಿಯುವ ಛತ್ರಗಳಲ್ಲಿ ಅಡುಗೆ ಯಾರು ಮಾಡುತ್ತಾರೆ ಎಂಬುದನ್ನೆಲ್ಲ ಆತ ಬರೆದಿಟ್ಟ. ಆಳಂದದ ಜಾತ್ರೆಯಲ್ಲಿ ಸೇರುವ ಕುದುರೆಗಳ ಸಂಖ್ಯೆ ಕಂಡು ಬೆರಗಾದ. ಮರಳುವಾಗ ಕಲಬುರಗಿ, ಆಳಂದ ಹಾದು ದಾಭೋಳ ಬಂದರು ಸೇರಿದ. ಹೊಸಬನಿಗೆ ಬೇಕಾದ ನಾಲ್ಕು ಸಂಗತಿ - ದೂರ, ಊಟ, ತಂಗು, ಮೋಸ - ಇವಿಷ್ಟರ ಲೆಕ್ಕವೂ ಆ ಬರಹದಲ್ಲಿದೆ.

ಅಷ್ಟರಲ್ಲಿ ಕಲಬುರಗಿ ರಾಜಧಾನಿಯಾಗಿ ಉಳಿದಿರಲಿಲ್ಲ. 1420ರ ದಶಕದಲ್ಲಿ ಅಹಮದ್ ಷಾ ಆಡಳಿತವನ್ನು ಬೀದರಿಗೆ ಒಯ್ದ. ದಫ್ತರ ಹೋದತ್ತ ಕೆಲಸದವರೂ ಹೋದರು. ಇಂದು ಆ ದಿಕ್ಕಿನಲ್ಲಿ ಹುಮನಾಬಾದ್ ರಸ್ತೆ ಹಿಡಿದು ಮೂವತ್ತು ಕಿಲೋಮೀಟರಿಗೂ ಮಿಕ್ಕಿ ಸಾಗಿದರೆ ಸಿಗುವ ಊರು ಕಮಲಾಪುರ. ಇಲ್ಲಿನ ಕೆಂಪು ಬಾಳೆಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ.

ರೈಲು ಬಂದಾಗ ಕಲಬುರಗಿಯ ಮುಖವೇ ತಿರುಗಿತು. ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಸೊಲ್ಲಾಪುರದಿಂದ ಈ ಊರು ಹಾದು 1871ರಲ್ಲಿ ರಾಯಚೂರು ಮುಟ್ಟಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಹಳಿ ಬಿತ್ತು. ಕೋಟೆ, ದರ್ಗಾ, ಶರಣಬಸವೇಶ್ವರ ಗುಡಿಗಳ ಸುತ್ತ ಹಬ್ಬಿದ್ದ ಊರು ನಿಲ್ದಾಣದ ಕಡೆಗೆ ಕೈ ಚಾಚಿತು. 1932ರ ಜೂನ್‌ನಲ್ಲಿ ನಿಜಾಮ್ ಸರಕಾರದ ರೈಲ್ವೆ ಇಲಾಖೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆ ಆರಂಭಿಸಿತು. ರೈಲೂ ಬಸ್ಸೂ ಒಂದೇ ಯಜಮಾನನ ಕೈಯಲ್ಲಿದ್ದ ಆ ವ್ಯವಸ್ಥೆ ಇಂದಿನವರಿಗೆ ಕನಸೆನಿಸೀತು. ಈಗ ರೈಲು ಕೇಂದ್ರದ್ದು, ಬಸ್ಸು ರಾಜ್ಯದ್ದು. 2000ದಲ್ಲಿ ಹುಟ್ಟಿದ ಈಶಾನ್ಯ ಸಾರಿಗೆ ಸಂಸ್ಥೆ 2021ರಲ್ಲಿ ಕಲ್ಯಾಣ ಕರ್ನಾಟಕ ಸಾರಿಗೆಯೆಂದು ಹೆಸರು ಬದಲಿಸಿಕೊಂಡಿದೆ. ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದೆ.

ಹಳೆಯ ರಾಜಧಾನಿಗೂ ಹೊಸ ರಾಜಧಾನಿಗೂ ನಡುವೆ ನೇರ ಹಳಿ ಬೀಳಲು ಮಾತ್ರ ಇಪ್ಪತ್ತೊಂದನೆಯ ಶತಮಾನವೇ ಬರಬೇಕಾಯಿತು. ಅಲ್ಲಿಯವರೆಗೆ ಬೀದರಿನಿಂದ ಕಲಬುರಗಿಗೆ ರೈಲಿನಲ್ಲಿ ಬರುವವರು ಅಂದಿನ ಆಂಧ್ರದೊಳಗಿನ ವಿಕಾರಾಬಾದಿಗೆ ಹೋಗಿ, ವಾಡಿ ಸುತ್ತಿ ಬರಬೇಕಿತ್ತು. 1990ರ ದಶಕದಲ್ಲಿ ಮಂಜೂರಾದ 110 ಕಿಲೋಮೀಟರ್ ಮಾರ್ಗ, ಮರಗುತ್ತಿ ಬಳಿ ಬೆಟ್ಟ ಕೊರೆದು ಸುರಂಗ ಮಾಡಿಕೊಂಡು, 2017ರ ಅಕ್ಟೋಬರ್ 29ರಂದು ಉದ್ಘಾಟನೆಯಾಯಿತು. ಕಮಲಾಪುರಕ್ಕೂ ಒಂದು ನಿಲ್ದಾಣ ಬಂತು. ಅದರ ಬೆನ್ನಿಗೇ ಊರು ತಾಲ್ಲೂಕು ಕೇಂದ್ರವೂ ಆಯಿತು.

ಹಾಗೆಂದು ಕಮಲಾಪುರದವರು ಬಸ್ಸು ಬಿಟ್ಟು ರೈಲು ಹತ್ತಿದರೆ? ರೈಲುಗಳು ಬೆರಳೆಣಿಕೆಯವು, ಅವುಗಳ ವೇಳೆಗೆ ಕಚೇರಿಯ ಗಂಟೆ ಹೊಂದಬೇಕು. ಬಸ್ಸು ರಸ್ತೆಯಲ್ಲಿ ಕೈ ಮಾಡಿದರೆ ನಿಲ್ಲುತ್ತದೆ. 2023ರ ಜೂನ್ 11ರಂದು 'ಶಕ್ತಿ' ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಕಾಸೂ ಇಲ್ಲ. ಕಲಬುರಗಿಯ ಅಂಗಡಿಯಲ್ಲಿ ತಿಂಗಳ ಸಂಬಳಕ್ಕೆ ದುಡಿಯುವ ಹೆಣ್ಣುಮಗಳಿಗೆ ಊರು ಬಿಡದೆ ನೌಕರಿ ಉಳಿಸಿಕೊಳ್ಳಲು ಈ ಉಳಿತಾಯ ಚಿಕ್ಕದೇನಲ್ಲ.

2020ರ ಲಾಕ್‌ಡೌನ್ ಇನ್ನೊಂದು ಬಗೆಯ ದೂರದ ಕೆಲಸಗಾರರನ್ನು ಮನೆಗೆ ತಂದು ಕೂರಿಸಿತು. ಬೆಂಗಳೂರು, ಹೈದರಾಬಾದಿನ ಕಂಪನಿಗಳಿಗೆ ದುಡಿಯುವವರು ಹುಟ್ಟಿದೂರಿನ ಪಡಸಾಲೆಯಲ್ಲಿ ಕಂಪ್ಯೂಟರ್ ಹರವಿದರು. ಆಫಾಕಿಗಳದು ತಿರುಗುಮುರುಗಾದ ಕಥೆ: ಕೆಲಸ ದಿಗಂತದಾಚೆ, ಆಳು ಮನೆಯಲ್ಲಿ. ಆದರೆ ಕರೆಂಟು ಕೈಕೊಟ್ಟ ದಿನ, ಬ್ಯಾಂಕಿನ ಕೆಲಸ ಬಿದ್ದ ದಿನ, ಮಗುವಿಗೆ ಜ್ವರ ಬಂದ ದಿನ ಪೇಟೆಗೆ ಹೋಗಲೇಬೇಕು. ಆಗ ಕಮಲಾಪುರದ ಬಸ್ಸು ಊರಂಚಿನ ಹುಮನಾಬಾದ್ ಬೇಸ್ ಮುಟ್ಟುತ್ತಲೇ ಅರ್ಧ ಬಸ್ಸು ಇಳಿಯುತ್ತದೆ. ಅಲ್ಲಿಂದ ಮುಂದಕ್ಕೆ ಸೀಟಿನ ಲೆಕ್ಕದ ಆಟೊ. ಎಲ್ಲಿಗೆ ಎಂದು ಚಾಲಕ ಕೇಳಿದಾಗ ಗಂಜ್, ಮಿಲ್, ನಾಕಾ ಎಂದು ಹಳೆಯ ಗುರುತುಗಳನ್ನೇ ಹೇಳಬೇಕು.