ಪಣಜಿಯ ಕಾಗದ, ಬಸ್ರೂರಿನ ಅಕ್ಕಿ

ದಾಬೋಲಿಮ್ ಎಂದರೆ ನಿಮಗೆ ನೆನಪಾಗುವುದು ವಿಮಾನ ನಿಲ್ದಾಣ. ಅದರ ಆಚೀಚೆ, ವಾಸ್ಕೋವರೆಗೂ, ಕನ್ನಡದ ಮನೆಗಳು ಬೇಕಾದಷ್ಟಿವೆ. ಅಂಥ ಮನೆಯ ಮಗಳು ಎಂ.ಎ. ಮುಗಿಸಿ, ಇತಿಹಾಸದಲ್ಲಿ ಪಿಎಚ್.ಡಿ. ಮಾಡುತ್ತೇನೆ ಎಂದರೆ ‘ಅದರಿಂದ ಹೊಟ್ಟೆ ತುಂಬೀತೇ?’ ಎಂದು ಕೇಳದ ತಂದೆತಾಯಿ ಕಡಿಮೆ. ಪ್ರಶ್ನೆ ತಪ್ಪಲ್ಲ. 2022ರ ಯು.ಜಿ.ಸಿ. ನಿಯಮದಂತೆ ಕನಿಷ್ಠ 3 ವರ್ಷದ, ಸಾಮಾನ್ಯವಾಗಿ 6 ವರ್ಷದೊಳಗೆ ಮುಗಿಸಬೇಕಾದ ಕೆಲಸವಿದು. ಫೆಲೋಶಿಪ್ ಸಿಗದಿದ್ದರೆ ಖರ್ಚು ಮನೆಯದೇ. ನೌಕರಿಯ ಖಾತರಿಯಂತೂ ಇಲ್ಲ. ಆದರೂ ಬೇಡವೆನ್ನುವ ಮೊದಲು ಪಣಜಿಯ ಪತ್ರಾಗಾರದಲ್ಲಿ ಏನಿದೆಯೆಂದು ತಿಳಿದುಕೊಳ್ಳಿ.

ಪೋರ್ಚುಗೀಸರ ಆಳ್ವಿಕೆಯಲ್ಲಿ 1595ರಲ್ಲಿ ದಿಯೋಗೊ ದೊ ಕೌಟೊ ಎಂಬಾತ ಕೂಡಿಸಲು ತೊಡಗಿದ ದಫ್ತರವೇ ಇದರ ಮೂಲ. ಗಾಳಿ ನೋಡಿ ಹಡಗು ಬಿಡುತ್ತಿದ್ದ ಕಾಲದಲ್ಲಿ ಗೋವೆಗೂ ಲಿಸ್ಬನ್ನಿಗೂ ಓಡಾಡಿದ ಪತ್ರಗಳು ಇಲ್ಲಿವೆ. ನೆರೆಯ ಅರಸರೊಡನೆ ನಡೆದ ವ್ಯವಹಾರಕ್ಕೆ ಬೇರೆಯೇ ಸಂಪುಟಗಳಿವೆ. ನಮ್ಮ ಕೆಳದಿಯವರೂ ಆ ನೆರೆಯವರೇ. ಕಾರಣ ಅಕ್ಕಿ! ಗೋವೆಯಲ್ಲಿ ಬೆಳೆದದ್ದು ಗೋವೆಗೆ ಸಾಲುತ್ತಿರಲಿಲ್ಲ. ಬಸ್ರೂರು, ಮಂಗಳೂರು, ಹೊನ್ನಾವರಗಳಿಂದ ಬರಬೇಕಿತ್ತು. 1568-69ರಲ್ಲಿ ಈ ಬಂದರುಗಳಲ್ಲಿ ಪೋರ್ಚುಗೀಸರು ಬೇರೂರಿದರು. 1650ರ ದಶಕದಲ್ಲಿ ಶಿವಪ್ಪನಾಯಕ ಅವರನ್ನು ಓಡಿಸಿದ. ಆಮೇಲೂ ಅವರು ಕೆಳದಿಯೊಡನೆ ಒಪ್ಪಂದಕ್ಕೆ ಬರಲೇಬೇಕಾಯಿತು. ಉಣ್ಣಬೇಕಲ್ಲ!

ಇದೇ ವಿಷಯ ಹಿಡಿದು ಡಾಕ್ಟರೇಟ್ ಮಾಡಿದವರು ಬಿ.ಎಸ್. ಶಾಸ್ತ್ರಿಯವರು. ಗೋವಾ ವಿಶ್ವವಿದ್ಯಾಲಯ ಆರಂಭವಾದದ್ದು 1985ರಲ್ಲಿ. ಅದಕ್ಕೆ ಮೊದಲು ಪ್ರಬಂಧವನ್ನು ಮುಂಬಯಿಗೆ ಒಪ್ಪಿಸಬೇಕಿತ್ತು. ಅವರು ಆರಿಸಿಕೊಂಡ ಅವಧಿ 1498ರಿಂದ 1763, ಅಂದರೆ ವಾಸ್ಕೋ ಡ ಗಾಮ ಬಂದಂದಿನಿಂದ ಹೈದರಾಲಿ ಬಿದನೂರನ್ನು ಹಿಡಿಯುವತನಕ. ಅದು ಪುಸ್ತಕವಾಗಿ ಹೊರಬಂದದ್ದು 2000ದಲ್ಲಿ. ತಾಳ್ಮೆ ಎಷ್ಟು ಬೇಕೆಂದು ನೀವೇ ಲೆಕ್ಕ ಹಾಕಿ.

ನಾನು ಮೆಟ್ರಿಕ್ ಮಾತ್ರ ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ವೋಚರ್ ಇಲ್ಲದೆ ಲೆಡ್ಜರಿನಲ್ಲಿ ಒಂದು ಪೈಸೆಯನ್ನೂ ಬರೆಯುವಂತಿರಲಿಲ್ಲ. ಪಿಎಚ್.ಡಿ.ಯ ಅಡಿಟಿಪ್ಪಣಿಯೂ ಅಂಥದೇ ವೋಚರ್ ಎಂದು ನನ್ನ ತಿಳಿವಳಿಕೆ. ಆದರೆ ಈ ವೋಚರುಗಳು ಹಳೆಯ ಪೋರ್ಚುಗೀಸ್ ಕೈಬರಹದಲ್ಲಿವೆ. ಭಾಷೆ ಕಲಿತು, ಆ ಅಕ್ಷರ ಬಿಡಿಸುವಷ್ಟರಲ್ಲೇ ಒಂದೆರಡು ವರ್ಷ ಕಳೆದೀತು. ಅತ್ತ ಗೋವೆಯ ತೇವದಲ್ಲಿ ಹಳೆಯ ಶಾಯಿ ಕಾಗದವನ್ನೇ ತಿನ್ನುತ್ತದೆ. ಓದುವವರು ಬರಲೆಂದು ಅದು ಕಾಯುವುದಿಲ್ಲ.

ಪೋರ್ಚುಗೀಸ್ ಬಲ್ಲ ವಿದ್ವಾಂಸರು ಗೋವೆಯಲ್ಲಿದ್ದಾರೆ. ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವನ್ನು ಪಕ್ಕದಲ್ಲಿಟ್ಟುಕೊಂಡು ಆ ಪತ್ರಗಳನ್ನು ಓದಬಲ್ಲವರು ಎಷ್ಟು ಮಂದಿ? ನಿಮ್ಮ ಮಗಳಿಗೆ ಕನ್ನಡವಂತೂ ಬರುತ್ತದೆ. ಪೋರ್ಚುಗೀಸ್ ಕಲಿಯಲು ಪಣಜಿಗೆ ಹೋಗಲಿ. ಬಸ್ಸಿನ ಚಾರ್ಜು ಕೊಡಿ.