ಸೀತೆಯ ಜಡೆ: ವಯನಾಡಿನಲ್ಲಿ ಎರಡು ರಾಮಾಯಣಗಳು

ವಯನಾಡಿನ ಸ್ಥಳನಾಮಗಳಲ್ಲಿ ರಾಮಾಯಣ ಹಾಸುಹೊಕ್ಕಾಗಿದೆ. ಸುಲ್ತಾನ್ ಬತ್ತೇರಿ ತಾಲೂಕಿನ ಪುಲ್ಪಳ್ಳಿಯಲ್ಲಿ ಸೀತೆಗೂ ಲವಕುಶರಿಗೂ ದೇವಾಲಯವಿದೆ. ಅದರ ಆಸುಪಾಸಿನ ಆಶ್ರಮಕೊಲ್ಲಿಯಲ್ಲಿ ವಾಲ್ಮೀಕಿಯ ಆಶ್ರಮವಿತ್ತೆಂದೂ ಶಶಿಮಲೆಯಲ್ಲಿ ಆ ಮಕ್ಕಳು ಆಡಿ ಬೆಳೆದರೆಂದೂ ಪ್ರತೀತಿ. ಭೂಮಿ ಬಾಯ್ದೆರೆದು ಸೀತೆಯನ್ನು ಒಳಗೆ ಕರೆದುಕೊಂಡಾಗ ರಾಮ ಓಡಿಬಂದು ಅವಳ ಕೂದಲನ್ನು ಹಿಡಿದನಂತೆ. ಸೀತೆ ನಿಲ್ಲಲಿಲ್ಲ, ಜಡೆ ಮಾತ್ರ ಕಿತ್ತುಬಂದು ಅವನ ಕೈಯಲ್ಲುಳಿಯಿತು. ಆ ಜಾಗವೇ ಜಡಯಟ್ಟಕಾವು, ಅಂದರೆ ಜಡೆ ಕಡಿದುಹೋದ ಕಾವು ಎಂದು ಜನ ಅರ್ಥ ಹೇಳುತ್ತಾರೆ.

ಕಲ್ಪೆಟ್ಟದ ಕನ್ನಡ ಮನೆತನಗಳಿಗೆ ಇನ್ನೊಂದು ರಾಮಾಯಣವೂ ಉಂಟು. ಕರ್ನಾಟಕದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಜೈನ ಗೌಡರ ನೆನಪನ್ನು ಪುಳಿಯಾರ್ಮಲೆಯ ಅನಂತನಾಥ ಸ್ವಾಮಿ ಬಸದಿಯೂ ಬತ್ತೇರಿಯ ಹಳೆಯ ಕಲ್ಲುಬಸದಿಯೂ ಉಳಿಸಿವೆ. ಜೈನರ ರಾಮಕಥೆ ವಿಮಲಸೂರಿಯ ಪ್ರಾಕೃತ ‘ಪಉಮಚರಿಯ’, 7ನೆಯ ಶತಮಾನದ ರವಿಷೇಣನ ಸಂಸ್ಕೃತ ‘ಪದ್ಮಪುರಾಣ’ಗಳ ಹಾದಿಯಲ್ಲಿ ಬಂದದ್ದು. 1100ರ ಸುಮಾರಿನ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ ಅದೇ ಹಾದಿಯ ಕನ್ನಡ ಕಾವ್ಯ. ರಾವಣನನ್ನೂ ಪಶ್ಚಾತ್ತಾಪದಲ್ಲಿ ಬೇಯುವ ಮನುಷ್ಯನನ್ನಾಗಿ ಕಂಡವನು ಈ ಕವಿ.

ಈ ಪರಂಪರೆಯಲ್ಲಿ ಸೀತೆ ಭೂಮಿಯೊಳಗೆ ಹೋಗುವುದಿಲ್ಲ. ಅಗ್ನಿಪರೀಕ್ಷೆಯಲ್ಲಿ ಗೆದ್ದ ಅವಳನ್ನು ರಾಮ ಅರಮನೆಗೆ ಕರೆಯುತ್ತಾನೆ. ಅವಳು ಒಪ್ಪದೆ ತನ್ನ ಕೈಯಾರೆ ಕೂದಲನ್ನು ಕಿತ್ತು ದೀಕ್ಷೆ ಪಡೆಯುತ್ತಾಳೆ. ಆ ಕೂದಲನ್ನು ಕಂಡು ರಾಮ ಮೂರ್ಛೆ ಹೋಗುತ್ತಾನೆ.

ಎರಡು ಕಥೆಗಳಲ್ಲೂ ಕೊನೆಗೆ ರಾಮನಿಗೆ ಉಳಿಯುವುದು ಕೂದಲೊಂದೇ ಎಂಬುದು ನನಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಯಾವುದು ಯಾವುದರಿಂದ ಬಂತೆಂದು ನಾನು ವಾದಿಸಹೊರಟಿಲ್ಲ. ಆದರೆ ಭೇದವನ್ನು ಗಮನಿಸಬೇಕು. ಪುಲ್ಪಳ್ಳಿಯಲ್ಲಿ ಜಡೆಯನ್ನು ಎಳೆದದ್ದು ರಾಮನ ಕೈ, ಜೈನ ಕಥೆಯಲ್ಲಿ ಕೂದಲನ್ನು ಕಿತ್ತದ್ದು ಸೀತೆಯದೇ ಕೈ. ಅಲ್ಲಿ ನೊಂದ ಮಗಳು ತಾಯಿಯ ಮಡಿಲಿಗೆ ಮರಳುತ್ತಾಳೆ. ಇಲ್ಲಿ ಬದುಕಿದ್ದುಕೊಂಡೇ ತನ್ನ ದಾರಿಯನ್ನು ತಾನೇ ಆರಿಸಿಕೊಳ್ಳುತ್ತಾಳೆ.

ಮುಂದಿನ ಕಾಲದ ಕಲಾವಿದರೂ ಕವಿಗಳೂ ಇದೇ ಗಾಯವನ್ನು ಮುಟ್ಟಿದರು. ರಾಜಾ ರವಿವರ್ಮ ತನ್ನ ಚಿತ್ರದಲ್ಲಿ ಸೀತೆಯನ್ನು ಭೂದೇವಿಯ ತೋಳಿಗೆ ಒಪ್ಪಿಸಿದ. ಕುಮಾರನ್ ಆಶಾನ್ 1919ರ ‘ಚಿಂತಾವಿಷ್ಟಯಾಯ ಸೀತ’ದಲ್ಲಿ ಅವಳನ್ನು ಆಶ್ರಮದಲ್ಲಿ ಒಂಟಿಯಾಗಿ ಕೂರಿಸಿ, ರಾಮನ ನಡತೆಯನ್ನು ಅವಳ ಮನಸ್ಸಿನಿಂದಲೇ ಪ್ರಶ್ನಿಸಿದರು. ಕುವೆಂಪು 1949ರಲ್ಲಿ ಬಂದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾಮನನ್ನೂ ಬೆಂಕಿಗೆ ಇಳಿಸಿದರು. ಮಲಯಾಳದ ಕವಿ ಕೇಳಿದ ಪ್ರಶ್ನೆಗೆ ಕನ್ನಡದ ಕವಿ ಉತ್ತರ ಕೊಟ್ಟಂತೆಯೇ ನನಗೆ ತೋರುತ್ತದೆ. ಜಿ. ಅರವಿಂದನ್ ಅವರ 1977ರ ‘ಕಾಂಚನ ಸೀತ’ ಚಲನಚಿತ್ರದಲ್ಲಂತೂ ಸೀತೆಯ ಪಾತ್ರಕ್ಕೆ ನಟಿಯೇ ಇಲ್ಲ. ಗಾಳಿ, ಎಲೆ, ನೀರುಗಳೇ ಸೀತೆ. ಪುಲ್ಪಳ್ಳಿಯ ಕಾವನ್ನು ಬಲ್ಲವರಿಗೆ ಇದು ಹೊಸತೆನಿಸದು.

ನಮ್ಮ ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಾರೆ, ಕಲಿಯಲೇಬೇಕು. ಆಶಾನರ ಸೀತೆ ಅವರಿಗೆ ದೊರೆತಾಳು. ನಾಗಚಂದ್ರನ ಹೆಸರನ್ನಾಗಲಿ ಕುವೆಂಪು ಅವರ ರಾಮನನ್ನಾಗಲಿ ಮನೆಯವರು ಹೇಳದಿದ್ದರೆ ಇಲ್ಲಿ ಬೇರೆ ಯಾರೂ ಹೇಳುವವರಿಲ್ಲ. ಮನೆಯ ಕನ್ನಡ ಅಳಿದರೆ ಅಳಿಯುವುದು ಬರೇ ನುಡಿಯಲ್ಲ. ತನ್ನ ಕೈಯಾರೆ ಜಡೆ ಕಿತ್ತು ಹೊರನಡೆದ ಆ ಸೀತೆಯೂ ವಯನಾಡಿನಿಂದ ಮರೆಯಾಗುತ್ತಾಳೆ.